ಮಳೆಗೆ ಮುಂಚೆ ಮಾಡಿನ ದುರಸ್ತಿ, ಮೇ ತಿಂಗಳಲ್ಲಿ ಶಿಬಿರ: ಸಭೆಯ ದೇಣಿಗೆ ಮನವಿ

ಕ್ರಿಸ್ತನಲ್ಲಿ ಪ್ರಿಯರಾದ ಸಭಿಕರಿಗೂ, ಬೆಂಗಳೂರು, ಮುಂಬಯಿ, ಗಲ್ಫ್ ನಾಡುಗಳಲ್ಲಿರುವ ನಮ್ಮ ಸಭೆಯ ಮಕ್ಕಳಿಗೂ ವಂದನೆಗಳು.

ಈಸ್ಟರ್ ಹಿಂದಿನ ವಾರ ಬಿದ್ದ ಗಾಳಿಮಳೆಗೆ ಸಂಡೇ ಸ್ಕೂಲ್ ಹಾಲಿನ ಪಡುಬದಿಯ ಮಾಡು, ಅಂದರೆ ಹಂಚಿನ ಛಾವಣಿ, ಮೂರು ಕಡೆ ಸೋರಿದೆ. ಅಟ್ಟದಲ್ಲಿದ್ದ ಚಾಪೆ, ಚಿತ್ರಪಟ, ಬಣ್ಣದ ಕಾಗದ ಎಲ್ಲವೂ ನೆನೆದು ಮುದ್ದೆಯಾಗಿವೆ. ಮೇ ಎರಡನೆಯ ವಾರ ಅದೇ ಹಾಲಿನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಯಬೇಕು. ಜೂನ್ ಮೊದಲ ವಾರಕ್ಕೆ ಮುಂಗಾರು ಬಂದೇ ಬರುತ್ತದೆ. ಮಾಡು ಬಿಚ್ಚಿ ಹೊದಿಸಲು ಮೂರು ವಾರ ಬೇಕೆಂದು ಮೇಸ್ತ್ರಿ ಹೇಳುತ್ತಾರೆ. ಹಾಗಾಗಿ ಈ ಪತ್ರ ಅವಸರದ್ದು.

ನಮ್ಮ ಪರಂಪರೆಯ ಚರಿತ್ರೆ ನಿಮಗೆ ಹೊಸದಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಅವರ ಮುದ್ರಣಾಲಯ, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ, 1865ರಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, ಹೀಗೆ ಒಂದರ ಹಿಂದೊಂದು ಬಂದವು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧಿಸಿ ಊರಿಗೆ ಕಳುಹಿಸಿದಾಗಲೂ ಇಲ್ಲಿನ ಸಭೆಗಳು ಬಾಗಿಲು ಹಾಕಲಿಲ್ಲ. ನಾಡಿಗೆಲ್ಲ ಹಂಚು ಹೊದಿಸಿದ ಪರಂಪರೆಯವರು ನಾವು. ನಮ್ಮ ಮಕ್ಕಳೇ ಬಕೆಟ್ ಇಟ್ಟುಕೊಂಡು ಪಾಠ ಕೇಳುವ ಸ್ಥಿತಿ ಬರಬಾರದು.

ಸೋರಿಕೆಗೆ ಕಾರಣ ಹಂಚು ಹಳತಾದದ್ದು ಮಾತ್ರ ಅಲ್ಲ. ಹಂಚು ಕೂರುವ ಮರದ ಪಟ್ಟಿಗಳು, ಅಂದರೆ ರೀಪುಗಳು, ಗೆದ್ದಲು ಹಿಡಿದು ನಡುವೆ ತಗ್ಗಿವೆ. ರೀಪು ತಗ್ಗಿದರೆ ಹಂಚಿನ ಹಿಂದಿನ ಕೊಕ್ಕೆ ಸಡಿಲವಾಗಿ ಹಂಚು ಬೆರಳಗಲ ಕೆಳಗೆ ಜಾರುತ್ತದೆ. ಆಗ ಅದರ ಅಂಚಿನ ತೋಡು (ಗೀರುಕಾಲುವೆ) ಪಕ್ಕದ ಹಂಚಿನ ತೋಡಿಗೆ ಕೂಡುವುದಿಲ್ಲ, ಪಡುವಣ ಗಾಳಿಗೆ ಮಳೆ ಆ ಸಂದಿನಿಂದ ಒಳಗೆ ಬಡಿಯುತ್ತದೆ. ಎರಡನೆಯದು, ನೆತ್ತಿಯ ಕೋಡುಹಂಚುಗಳಿಗೆ ಹಿಂದೊಮ್ಮೆ ಬರಿಯ ಸಿಮೆಂಟ್ ಮೆತ್ತಿದ್ದು. ಬಿಸಿಲಿಗೆ ಮಾಡು ಹಿಗ್ಗಿ ಕುಗ್ಗುವಾಗ ಗಟ್ಟಿ ಸಿಮೆಂಟ್ ಬಿರಿಯುತ್ತದೆ, ಆ ಬಿರುಕಿನಿಂದ ನೀರಿಳಿದು ರೀಪು ಹೊರುವ ಇಳಿಜಾರು ತೊಲೆಯ, ಅಂದರೆ ಪಕ್ಕಾಸಿನ, ತಲೆ ಕೊಳೆಯುತ್ತದೆ. ಅಡುಗೆಮನೆಯ ಮಾಡು ಹಾಲಿಗೆ ಕೂಡುವ ಮೂಲೆಯ ತಗಡು ತುಕ್ಕು ಹಿಡಿದು ಜರಡಿಯಾಗಿದೆ. ಟಾರು ಬಳಿದರೆ ಸಾಲದೇ ಎಂದು ಕೇಳಿದವರಿದ್ದಾರೆ. ಟಾರು ಒಂದು ಮಳೆಗಾಲ ತಡೆದೀತು, ಆದರೆ ಹಂಚನ್ನು ಹಂಚಿಗೆ ಅಂಟಿಸಿಬಿಡುತ್ತದೆ. ಮುಂದೆ ಒಂದನ್ನು ತೆಗೆಯಹೋದರೆ ನಾಲ್ಕು ಒಡೆಯುತ್ತವೆ.

ಹಾಲು 60 ಅಡಿ ಉದ್ದ, 24 ಅಡಿ ಅಗಲ. ಇಳಿಜಾರು, ಸೂರು ಸೇರಿಸಿದರೆ ಮಾಡಿನ ವಿಸ್ತಾರ ಎರಡು ಸಾವಿರ ಚದರಡಿ ದಾಟುತ್ತದೆ. ಅಷ್ಟಕ್ಕೆ ಹೆಚ್ಚುಕಡಿಮೆ 3,000 ಹಂಚು ಬೇಕು. ಪ್ರತಿ ಹಂಚನ್ನೂ ತೆಗೆದು, ತೊಳೆದು, ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಮತ್ತೆ ಏರಿಸಬಹುದು, ಮಂಕಾಗಿ ಸದ್ದಾದರೆ ಒಳಗೆ ಬಿರುಕಿದೆ ಎಂದರ್ಥ. ಮೂರರಲ್ಲಿ ಎರಡು ಪಾಲು ಉಳಿದೀತೆಂಬ ಅಂದಾಜಿದೆ. ರೀಪು ಮಾತ್ರ ಪೂರ್ತಿ ಹೊಸದು, 2,200 ಅಡಿಯಷ್ಟು, ಗೆದ್ದಲಿನ ಮದ್ದು ಹೊಡೆದದ್ದು. ಕೊಳೆತ ಪಕ್ಕಾಸುಗಳ ತಲೆಯನ್ನಷ್ಟೇ ಕೊಯ್ದು ಹೊಸ ಮರ ಜೋಡಿಸಿದರೆ ಸಾಕು. ಕೆಲಸ ಒಂದೊಂದೇ ಬದಿ ನಡೆಯಬೇಕು. ನೆತ್ತಿಯಿಂದ ಕೆಳಕ್ಕೆ ಬಿಚ್ಚಿ, ಸೂರಿನಿಂದ ಮೇಲಕ್ಕೆ ಹೊದಿಸುತ್ತಾ ಬರಬೇಕು. ಕೋಡುಹಂಚಿಗೆ ಈ ಸಲ ಸುಣ್ಣ ಬೆರೆಸಿದ ಗಾರೆ, ಮೇಲೆ ಒದ್ದೆ ಗೋಣಿ ಹೊದಿಸಿ ಒಂದು ವಾರ ನೀರು ಕುಡಿಸುವುದು. ಕಬ್ಬಿಣದ ಶೀಟು ಅಗ್ಗ ನಿಜ. ಆದರೆ ಮೇ ಬಿಸಿಲಿನಲ್ಲಿ ಅದರಡಿ ಮಕ್ಕಳು ಬೇಯುತ್ತವೆ, ಮಳೆ ಬಂದರೆ ಪಾಠ ಹೇಳುವವರ ದನಿ ಮೂರನೆಯ ಸಾಲಿಗೂ ಮುಟ್ಟದು. ಸಮಿತಿ ಹಂಚಿಗೇ ಒಪ್ಪಿದೆ.

ಇನ್ನು ಶಿಬಿರ. ಐದು ದಿನ, ಎಂಬತ್ತು ಮಕ್ಕಳು, ಹತ್ತು ಮಂದಿ ಶಿಕ್ಷಕರು. ಶಾಖಾಸಭೆಗಳಿಂದ ಬರುವ ಹೆಚ್ಚಿನ ಮಕ್ಕಳ ತಾಯಂದಿರು ಬೀಡಿ ಕಟ್ಟುವವರು, ಗೇರುಬೀಜದ ಕಾರ್ಖಾನೆಗೆ ಹೋಗುವವರು. ರಜೆಯಲ್ಲಿ ಆ ಮಕ್ಕಳ ಪಾಲಿಗೆ ಬರುವುದು ಎಲೆ ಕತ್ತರಿಸುವ ಕೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ. ಅವರಿಂದ ಶುಲ್ಕ ಕೇಳುವುದಿಲ್ಲ, ಕೇಳಲೂ ಬಾರದು.

ಒಂದು ಊಟಕ್ಕೆ ತಲೆಗೆ 125 ಗ್ರಾಂ ಕುಚ್ಚಲಕ್ಕಿ ಹಿಡಿದರೆ ಎರಡು ಹೊತ್ತಿಗೆ ದಿನಕ್ಕೆ 22 ಕಿಲೋ ಮೇಲೆ ಬೇಕು. ಕುಚ್ಚಲಕ್ಕಿ ಬೇಯಲು ಒಂದು ಗಂಟೆಯಾದರೂ ಹಿಡಿಯುವುದರಿಂದ ಒಲೆ ಹನ್ನೊಂದರೊಳಗೆ ಹತ್ತಲೇಬೇಕು. ನಿಜವಾದ ಚಿಂತೆ ನೀರಿನದು. ಮೇ ತಿಂಗಳಲ್ಲಿ ಬಾವಿ ತಳ ಕಾಣುತ್ತದೆ. ಸ್ನಾನ, ಶೌಚ, ಪಾತ್ರೆಗೆ ತಲೆಗೆ 40 ಲೀಟರ್ ಎಂದರೂ ದಿನಕ್ಕೆ 3,600 ಲೀಟರ್, ಅಂದರೆ ಟ್ಯಾಂಕರ್ ತರಿಸಲೇಬೇಕು. ಟ್ಯಾಂಕರ್ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಲು ಕುದಿಸದೆ ಕೊಡುವಂತಿಲ್ಲ. ಬೇಸಿಗೆಯಲ್ಲಿ ಕಾಮಾಲೆ ಹರಡುವುದೇ ಹೀಗೆ. ಕುದಿಸಿದ್ದು ಆರಲು ಹೊತ್ತು ಬೇಕಾದ್ದರಿಂದ ನಾಳೆಯ ನೀರು ಇಂದು ರಾತ್ರಿಯೇ ಸಿದ್ಧವಾಗಬೇಕು. ಹೆಣ್ಣುಮಕ್ಕಳ ಕಡೆ ಇನ್ನೆರಡು ಶೌಚಾಲಯಗಳನ್ನು ಹಾಲಿನ ಕೆಲಸದ ಜೊತೆಗೇ ಕಟ್ಟಿಸುವ ಯೋಚನೆಯಿದೆ.

ತಂದೆ ತಾಯಿ ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಒಂದು ಮಗುವನ್ನೂ ಸೇರಿಸುವುದಿಲ್ಲ. ಮಗುವಿನೊಡನೆ ದೊಡ್ಡವರು ಒಬ್ಬರೇ ಇರುವಂತಿಲ್ಲ, ಯಾವಾಗಲೂ ಇಬ್ಬರು. ಸಭಾಪಾಲಕರಿಗೂ ಇದೇ ನಿಯಮ. ಹನ್ನೆರಡರಿಂದ ಮೂರರವರೆಗೆ ಬಯಲಾಟ ಇಲ್ಲ, ಆ ಹೊತ್ತಿಗೆ ಅಡಿಕೆ ಹಾಳೆಯ ಕೈಕೆಲಸ, ಹಾಡು. ಮನೆ ನೆನಪಾಗಿ ಅಳುವುದು ಮೊದಲ ರಾತ್ರಿಗಿಂತ ಎರಡನೆಯ ರಾತ್ರಿ ಹೆಚ್ಚು, ಏಕೆಂದರೆ ಹೊಸತು ಅಷ್ಟರಲ್ಲಿ ಹಳತಾಗಿರುತ್ತದೆ. ಆ ರಾತ್ರಿಗೆ ಉಪದೇಶ ಬೇಡ, ನಾಟಕ ಇರಲಿ.

ಸಭಾಪಾಲನೆಯ ವರ್ಷದಲ್ಲಿ ಶಿಬಿರ ಬರುವುದು ಅತ್ಯಂತ ದಣಿದ ಹೊತ್ತಿನಲ್ಲಿ. ಈಸ್ಟರಿಗೆ ಮುಂಚಿನ ಶ್ರಮೆಯ ಕಾಲದ ಶುಕ್ರವಾರಗಳು, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಶುಭ ಶುಕ್ರವಾರದ ಆರಾಧನೆ, ಈಸ್ಟರ್ ಮುಂಜಾನೆ, ನಡುವೆ ಮೂರು ಶಾಖಾಸಭೆಗಳ ಪ್ರಭುಭೋಜನ, ಆಮೇಲೆ ಸಾಲುಸಾಲು ಮದುವೆ. ಆದರೂ ಬೋಧಕನಿಗೆ ಶಿಬಿರದಷ್ಟು ಕಲಿಸುವುದು ಬೇರೊಂದಿಲ್ಲ. ವೇದಿಕೆಯ ಮೇಲೆ ಅರ್ಧ ಗಂಟೆ ಮಾತಾಡಿದರೂ ಸಭೆ ಮರ್ಯಾದೆಗೆ ಕೂತಿರುತ್ತದೆ. ಎಂಟು ವರ್ಷದ ಮಗು ಏಳು ನಿಮಿಷಕ್ಕೇ ಚಾಪೆಯ ಎಳೆ ಕೀಳತೊಡಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಕನ್ನಡ ಬೈಬಲಿನ ಸಣ್ಣ ಅಕ್ಷರ, ಒತ್ತಕ್ಷರ ತೊಡಕಾಗಿದೆ. ನಿಘಂಟು ಕೊಟ್ಟ ಪರಂಪರೆಯಲ್ಲಿ ಇದು ನೋವಿನ ಮಾತೇ. ಅದಕ್ಕಾಗಿ 23ನೆಯ ಕೀರ್ತನೆಯನ್ನು ದಿನಕ್ಕೆ ಒಂದೆರಡು ವಚನದಂತೆ ದಪ್ಪ ಅಕ್ಷರದ ಚೀಟಿಗಳಲ್ಲಿ ಅಚ್ಚು ಹಾಕಿಸುತ್ತೇವೆ. ಐದು ದಿನಕ್ಕೆ ಕೀರ್ತನೆ ಮುಗಿಯುತ್ತದೆ. ನಾಳೆಯ ಸಂಡೇ ಸ್ಕೂಲ್ ಶಿಕ್ಷಕರು ಯಾರೆಂಬುದೂ ಶಿಬಿರದಲ್ಲೇ ಗೊತ್ತಾಗುತ್ತದೆ: ಹೇಳದೆಯೇ ಕೊಡಪಾನ ಎತ್ತುವ ಹದಿನೈದರ ಹುಡುಗ ಹುಡುಗಿಯರನ್ನು ಗಮನಿಸಿದರೆ ಸಾಕು.

ಮಾಡಿಗೆ ಮೂರು ಲಕ್ಷದ ಆಸುಪಾಸು, ಶಿಬಿರಕ್ಕೆ ಒಂದು ಲಕ್ಷ, ಶೌಚಾಲಯಕ್ಕೆ ಅದಕ್ಕಿಂತ ತುಸು ಹೆಚ್ಚು ತಗಲಬಹುದು. ಬೆಳೆಹಬ್ಬದ ಏಲಂನಲ್ಲಿ ಹಲಸು, ಊರಕೋಳಿ, ಬಾಳೆಗೊನೆಗೆ ನೀವು ಪೈಪೋಟಿಯಿಂದ ಕೂಗಿದ ಹಣ ರೀಪಿಗೆ ಸಾಕಾಗಿದೆ. ಅದು ಸಣ್ಣ ಮಾತಲ್ಲ. ಉಳಿದದ್ದಕ್ಕೆ ಕೈಚಾಚುತ್ತಿದ್ದೇವೆ. ಒಂದು ಮಗುವಿನ ಐದು ದಿನದ ಖರ್ಚು ಸುಮಾರು 1,200 ರೂಪಾಯಿ. ಒಂದು ಮಗುವನ್ನು ವಹಿಸಿಕೊಂಡರೂ ಸಂತೋಷ. ಅಕ್ಕಿ, ತೆಂಗಿನಕಾಯಿ, ಸೌದೆಯೂ ನಡೆಯುತ್ತದೆ. ಹಣವನ್ನು ಏಪ್ರಿಲ್ ಕೊನೆಯ ಭಾನುವಾರದೊಳಗೆ ಸಭೆಯ ಬ್ಯಾಂಕ್ ಖಾತೆಗೆ ಹಾಕಿ ಅಥವಾ ಖಜಾಂಚಿಯವರ ಕೈಗೆ ಕೊಟ್ಟು ರಸೀದಿ ಪಡೆಯಿರಿ. ಮಾಡಿಗೋ ಶಿಬಿರಕ್ಕೋ ಎಂದು ತಪ್ಪದೆ ಬರೆಯಿರಿ, ಲೆಕ್ಕ ಬೇರೆಬೇರೆ ಇದೆ. ಈ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಇಲ್ಲ. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಉಳ್ಳವರು ಬ್ಯಾಂಕ್ ಮೂಲಕ ಕಳುಹಿಸಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣ ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆಯಾಗುವುದರಿಂದ ದಯವಿಟ್ಟು ಈ ಖಾತೆಗೆ ಹಾಕಬೇಡಿ.

ತಾರಸಿ ಮನೆ ಕಟ್ಟಿಸಿಕೊಂಡ ಹಲವರ ಹಿತ್ತಿಲಲ್ಲಿ ಹಳೆಯ ಹಂಚು ಪೇರಿಸಿಟ್ಟದ್ದಿದೆ. ಕೊಡುವ ಮನಸ್ಸಿದ್ದರೆ ಲಾರಿ ತುಂಬಿಸುವ ಮುಂಚೆ ಒಂದೇ ಒಂದು ಹಂಚು ತಂದು ಮೇಸ್ತ್ರಿಗೆ ತೋರಿಸಿ. ಒಂದು ಕಾರ್ಖಾನೆಯ ಹಂಚಿನ ತೋಡು ಇನ್ನೊಂದರದಕ್ಕೆ ಹೊಂದುವುದಿಲ್ಲ.

ಕರ್ತನ ಸೇವೆಯಲ್ಲಿ,
ಸಭಾಪಾಲಕರು ಮತ್ತು ಸಭಾಪಾಲನಾ ಸಮಿತಿ