ಮುಳುಗಡೆ ಕಂಡ ಹಿರಿಯರ ಮಾತನ್ನು ಈಗಲೇ ಬರೆಸಿಕೊಳ್ಳಿ

ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರಿಗೆ ಊರು ಮುಳುಗಿ ಶರಾವತಿ ಕೊಳ್ಳದಿಂದ ಎದ್ದು ಬಂದ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರ ಕೇಳುತ್ತಲೇ ಇವೆ. ನಮ್ಮ ತಾಯಿಯ ತವರೂ ಅದರಲ್ಲಿ ಒಂದು. ಕಾಗದ ಇಲ್ಲದ ಜಮೀನು ಅದರ ಮೇಲೆ ಬದುಕುವವರ ಸ್ವಭಾವವನ್ನೇ ಹೇಗೆ ಬದಲಿಸುತ್ತದೆ ಎಂದು ನಿಮಗೆ ತಿಳಿಸಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಕೊಳ್ಳದಲ್ಲಿ ತುಂಬಾ ಜನ ಗೇಣಿಗೆ ಉಳುತ್ತಿದ್ದರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೂ ನೀರು ಏರುವ ಹೊತ್ತಿಗೆ ಜಮೀನು ಒಡೆಯರ ಹೆಸರಲ್ಲೇ ಇತ್ತು. ಒಂದು ಲೆಕ್ಕ ನನ್ನನ್ನು ಬಿಡುವುದೇ ಇಲ್ಲ. ಅದೇ ನೀರು ಹತ್ತು ವರ್ಷ ತಡವಾಗಿ ಬಂದಿದ್ದರೆ, ಉಳುವವನಿಗೇ ಭೂಮಿ ಎಂದ 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್, ಅಂದರೆ ಗೇಣಿ ಜಮೀನು ತಮ್ಮ ಹೆಸರಿಗೆ ಕೇಳುವ ಅರ್ಜಿ, ಹಾಕಿ ಇವರೂ ಜಮೀನಿನ ಒಡೆಯರಾಗಬಹುದಿತ್ತು. ಮುಳುಗದ ಊರುಗಳಲ್ಲಿ ಎಷ್ಟೋ ಗೇಣಿದಾರರು ಹಾಗೆ ಆದರು. ಅದೇ ಸೀಮೆ, ಅದೇ ದುಡಿಮೆ. ಅವರ ಮಕ್ಕಳು ತೋಟ ಕಟ್ಟಿದರು, ಓದಿ ಕೆಲಸ ಹಿಡಿದರು. ಇವರ ಮಕ್ಕಳು ಅರ್ಜಿ ಹಿಡಿದು ನಿಂತಿದ್ದಾರೆ. ಬಡತನಕ್ಕೆ ಸೋಮಾರಿತನ ಕಾರಣ ಅನ್ನುವವರನ್ನು ಈ ಎರಡೂ ಕಡೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ.

ಎದ್ದು ಬಂದು ನೆಲೆಸಿದ ಜಾಗ ದಾಖಲೆಯಲ್ಲಿ ಇನ್ನೂ ಕಾಡು. ಪಹಣಿ ಇಲ್ಲ, ಹಾಗಾಗಿ ಬೆಳೆಸಾಲ ಸಿಗುವುದಿಲ್ಲ. ಅಡಿಕೆ ವ್ಯಾಪಾರಿಯ ಹತ್ತಿರ ಮುಂಗಡ ತರಬೇಕು, ಫಸಲು ಅವನು ಹೇಳಿದ ರೇಟಿಗೇ ಹೋಗುತ್ತದೆ. ಯಾವತ್ತು ಎಬ್ಬಿಸುತ್ತಾರೋ ಎಂದು ತಾರಸಿ ಮನೆ ಕಟ್ಟುವುದಿಲ್ಲ. ಹೆಣ್ಣು ಕೊಡುವವರು ಪಹಣಿ ಯಾರ ಹೆಸರಲ್ಲಿದೆ ಎಂದು ಮೊದಲೇ ಕೇಳುತ್ತಾರೆ. ಇದಕ್ಕಿಂತ ಜಾಸ್ತಿ ನೋವು ಕೊಡುವುದು ಊರೊಳಗಿನ ಅಪನಂಬಿಕೆ. ಬೇಲಿಯ ಸಣ್ಣ ಜಗಳ ಹಿಂದೆ ಹಿರಿಯರ ಮುಂದೆ ಮುಗಿಯುತ್ತಿತ್ತು. ಈಗ ‘ಇವರು ಕಾಡು ಒತ್ತುವರಿ ಮಾಡಿದ್ದಾರೆ’ ಎಂದು ಮೂಕರ್ಜಿ ಹೋಗುತ್ತದೆ. ನಮ್ಮ ಸೋದರಮಾವನ ಮೇಲೂ ಹೋಯಿತು. ಬರೆದವರು ಯಾರು ಎಂದು ಗೊತ್ತಾಗಲಿಲ್ಲ. ಇಡೀ ಕೇರಿಯ ಮೇಲೆ ಅನುಮಾನ ಉಳಿಯಿತು. ಇನ್ನು ಚುನಾವಣೆ ಬಂದರೆ, ಎಬ್ಬಿಸಲು ಬಂದ ಜೆಸಿಬಿ ತಡೆದವರಿಗೆ ವೋಟು. ರಸ್ತೆ, ಶಾಲೆ ಯಾರೂ ಕೇಳುವುದಿಲ್ಲ. ತಲೆಯ ಮೇಲೆ ಕತ್ತಿ ತೂಗುತ್ತಿರುವಾಗ ಹೇಗೆ ಕೇಳುತ್ತಾರೆ?

ಕಾಡು ಉಳಿಯಬೇಕು ಅನ್ನುವವರ ಆತಂಕವೂ ನಿಜ. ಮಲೆನಾಡಿನಲ್ಲಿ ಹುಟ್ಟಿದ ನನಗೂ ಆ ಆತಂಕ ಇದೆ. ಆದರೆ ಗಡಿಕಲ್ಲು ನೆಟ್ಟು ಇಷ್ಟು ನಿನ್ನದು ಅಂದರೆ, ಉಳಿದದ್ದು ಕಾಡಿನದು ಎಂದು ಹೇಳುವುದೂ ಸುಲಭ ಅಲ್ವಾ?

ಕಾಡಿನ ಜಾಗದಲ್ಲಿ ನೆಲೆಸಿದವರಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯ ತೊಡಕು ನಿಮಗೆ ಗೊತ್ತೇ ಇದೆ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. 1964ರಿಂದ ಎಣಿಸಿದರೆ 41 ವರ್ಷ ಮಾತ್ರ ಆಗುತ್ತದೆ. ಮನೆ, ಬಾವಿ, ಸ್ಮಶಾನ ಎಲ್ಲವೂ ಸಾಕ್ಷಿಯಾಗುತ್ತವೆ ಎನ್ನುತ್ತವೆ ನಿಯಮಗಳು. ಆದರೆ ಉಳಿದ ವರ್ಷಗಳನ್ನು ಕಳೆದ ಹಳೆ ಊರಿನ ಆ ಮೂರೂ ನೀರಿನಡಿ ಇವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ ಎಂದು ಅದೇ ನಿಯಮ ಹೇಳುತ್ತದೆ. ಮುಳುಗಡೆಯ ಹೊತ್ತಿಗೆ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ಕಾನೂನು ತಿದ್ದುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಜಿಲ್ಲಾ ಮಟ್ಟದ ಅರಣ್ಯ ಹಕ್ಕು ಸಮಿತಿಗೆ ನೀವೇ ಅಧ್ಯಕ್ಷರು. ಮುಳುಗಡೆಯವರು ನೆಲೆಸಿದ ಪ್ರತಿ ಊರಿಗೂ ಸಿಬ್ಬಂದಿ ಕಳಿಸಿ, ಈ ಹಿರಿಯರ ಹೇಳಿಕೆ ಬರೆಸಿ. ತಿರಸ್ಕರಿಸಿದ ಅರ್ಜಿಗಳಿಗೆ ಕಾರಣವನ್ನು ಕನ್ನಡದಲ್ಲಿ, ಬರಹದಲ್ಲಿ ಕೊಡಿಸಿ. ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು ಎಂದು ಕಾಯ್ದೆಯೇ ಹೇಳಿದೆ, ಅದನ್ನು ಕೆಳಗಿನ ಸಿಬ್ಬಂದಿಗೆ ಮತ್ತೊಮ್ಮೆ ತಿಳಿಸಿ. ಗ್ರಾಮಸಭೆಗಳನ್ನು ಅಡಿಕೆ ಕೊಯ್ಲಿನ ದಿನಗಳಲ್ಲಿ ಇಡಬೇಡಿ. ಆಗ ಹೆಂಗಸರು ಸುಲಿಯುವ ಕೆಲಸ ಬಿಟ್ಟು ಬರಲಾರರು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಆಗಬೇಕಾದದ್ದು.

ಇಂತಿ,
ಮುಳುಗಡೆ ಕುಟುಂಬದ ಒಬ್ಬ ಮೊಮ್ಮಗಳು