ಅಪ್ಪನ ಮೊಣಕಾಲಿಗೆ ಲ್ಯಾಬಿನ ದ್ರಾವಕ ಹಚ್ಚಬೇಡ

ಪ್ರೀತಿಯ ಪುಟ್ಟಿಗೆ,

ಇಲ್ಲಿ ಎಲ್ಲ ಕ್ಷೇಮ. ಅಮ್ಮನಿಗೆ ನಮಸ್ಕಾರ ಹೇಳು. ಲ್ಯಾಬಲ್ಲಿ ಔಷಧಿ ಕರಗಿಸೋಕೆ ಬಳಸೋ ದ್ರಾವಕ ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಅಪ್ಪನ ಮೊಣಕಾಲು ನೋವಿಗೆ ಹಚ್ಚಲಾ ಅಂತ ಕೇಳಿದ ನಿನ್ನ ಕಾಗದ ಓದಿದಾಗಿಂದ ಅಪ್ಪನದೇ ಯೋಚನೆ.

ನಿನ್ನ ಲ್ಯಾಬಿನ ಡಿಎಂಎಸ್‌ಒ ಅಪ್ಪನ ಮೊಣಕಾಲಿಗೆ ಹಚ್ಚೋಕೆ ಖಂಡಿತ ಕೊಡಬೇಡ. ನೋವಿನ ಸಂಕೇತ ಒಯ್ಯುವ ಸಣ್ಣ ನರಗಳನ್ನು ಅದು ಮಂಕು ಮಾಡೋದು ಪ್ರಾಣಿಗಳಲ್ಲಿ ಕಂಡಿದೆ, ನಿಜ. ಆದರೆ ಚರ್ಮ ದಾಟುವಾಗ ತನ್ನಲ್ಲಿ ಕರಗಿದ್ದನ್ನೂ ಒಳಗೆ ಎಳೆದುಕೊಂಡು ಹೋಗುತ್ತೆ. ಸೀಸೆಯ ಕಲ್ಮಶ, ಮೊದಲೇ ಹಚ್ಚಿದ್ದ ಮುಲಾಮು, ಏನಿದ್ದರೂ ಸರಿ. ಪ್ರಾಣಿಗಳ ಕಣ್ಣಿನ ಮಸೂರ ಕೆಟ್ಟದ್ದು ಕಂಡು 1965ರಲ್ಲಿ ಅಮೆರಿಕದಲ್ಲಿ ಮನುಷ್ಯರ ಮೇಲಿನ ಪ್ರಯೋಗ ನಿಲ್ಲಿಸಿದ್ದರು. 1978ರಲ್ಲಿ ಒಪ್ಪಿಗೆ ಸಿಕ್ಕಿದ್ದು 50% ದ್ರಾವಣಕ್ಕೆ, ಅದೂ ಮೂತ್ರಕೋಶದ ಒಂದು ಕಾಯಿಲೆಗೆ. ಈಗಾಗಲೇ ಹಚ್ಚಿದ್ದರೆ ಧಾರಾಳ ನೀರಲ್ಲಿ ತೊಳೆಸು. ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಗಾಬರಿ ಬೇಡ, ಅದು ದೇಹದೊಳಗೆ ಒಡೆದಾಗ ಬರೋ ವಾಸನೆ.

ಇನ್ನು ನಿನ್ನ ಪ್ರಯೋಗದ ವಿಷಯ. ಔಷಧಿ ಇಲ್ಲದೆ ಬರೀ ದ್ರಾವಕ ಹಾಕಿದ ನರಕೋಶಗಳಲ್ಲೂ ಗ್ಲುಟಮೇಟ್ ಅನ್ನೋ ನರಸಂದೇಶದ ರಾಸಾಯನಿಕ ಹುಟ್ಟಿಸೋ ಕರೆಂಟ್ ತಗ್ಗಿತು ಅಂತ ಬೇಜಾರು ಮಾಡಿಕೊಂಡಿದ್ದೀಯ. ಅದು ದ್ರಾವಕದ್ದೇ ಕೆಲಸ ಇರಬಹುದು ಕಣೇ. ಇಲಿಯ ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗದ ಕೋಶಗಳಲ್ಲಿ ಎನ್‌ಎಂಡಿಎ, ಆಂಪಾ ಅನ್ನೋ ಗ್ಲುಟಮೇಟ್ ಗ್ರಾಹಕಗಳನ್ನು ಅದು ತಡೆಯುತ್ತೆ. ಬೆನ್ನುಹುರಿ ಪಕ್ಕದ ಗ್ಯಾಂಗ್ಲಿಯನ್ (ನರಗಂಟು) ಕೋಶಗಳಲ್ಲಿ ಗಾಬಾ ಅನ್ನೋ ಇನ್ನೊಂದು ರಾಸಾಯನಿಕದ ಕರೆಂಟನ್ನೂ ತಗ್ಗಿಸುತ್ತೆ. ಗ್ಲುಟಮೇಟ್ ನರಕೋಶ ಕೆರಳಿಸೋದು, ಗಾಬಾ ತಣಿಸೋದು. ಎರಡೂ ತಗ್ಗಿದರೆ ಒಟ್ಟು ಫಲ ಊಹಿಸೋಕಾಗಲ್ಲ. ಲೆಕ್ಕ ನೋಡು: 1% ದ್ರಾವಕ ಅಂದರೆ ಸುಮಾರು 140 ಮಿಲಿಮೋಲಾರ್, ಅಂದರೆ 1,40,000 ಮೈಕ್ರೋಮೋಲಾರ್. ನಿನ್ನ ಔಷಧಿ 10 ಮೈಕ್ರೋಮೋಲಾರ್. ದ್ರಾವಕದ್ದೇ 14,000 ಪಟ್ಟು!

ಸ್ಟಾಕನ್ನು (ದ್ರಾವಕದಲ್ಲಿ ಔಷಧಿ ಕರಗಿಸಿಟ್ಟ ಮೂಲ ದ್ರಾವಣ) 1000 ಪಟ್ಟು ಗಾಢವಾಗಿ ಮಾಡಿಟ್ಟುಕೋ, ಕೊನೆಯಲ್ಲಿ ದ್ರಾವಕ 0.1% ದಾಟಲ್ಲ. ಬೇರೆ ಬೇರೆ ಡೋಸ್‌ಗಳನ್ನು ಬಫರಿನಲ್ಲಿ (ಕೋಶಗಳನ್ನಿಡೋ ಉಪ್ಪುನೀರಿನ ದ್ರಾವಣ) ಅಲ್ಲ, ಡಿಎಂಎಸ್‌ಒದಲ್ಲೇ ತೆಳುಮಾಡು. ಇಲ್ಲದಿದ್ದರೆ ಹೆಚ್ಚು ಡೋಸಿಗೆ ಹೆಚ್ಚು ದ್ರಾವಕ ಹೋಗಿ, ಅದರ ಪರಿಣಾಮವೇ ಔಷಧಿಯದ್ದು ಅಂತ ಕಾಣುತ್ತೆ. ಬರೀ ಬಫರ್ ಒಂದು, ಬಫರ್ ಜೊತೆ ಡಿಎಂಎಸ್‌ಒ ಒಂದು, ಹೋಲಿಸಿ ನೋಡೋಕೆ ಔಷಧಿ ಇಲ್ಲದ ಈ ಎರಡೂ ಕಂಟ್ರೋಲ್ ಬೇಕೇ ಬೇಕು. ಡಿಎಂಎಸ್‌ಒ ನೀರಿಗಿಂತ ಭಾರ, ತಳಕ್ಕಿಳಿದು ಕೋಶದ ಮೇಲೇ ಕೂರುತ್ತೆ. ಬೇರೆ ಟ್ಯೂಬಲ್ಲಿ ಚೆನ್ನಾಗಿ ಕಲಸಿ ಆಮೇಲೆ ಹಾಕು.

ಇಲ್ಲಿ ರಾತ್ರಿ ಹೀಟರ್ ಆರಿಸಿದರೆ ಬೆಳಿಗ್ಗೆ ಸೀಸೆ ಪೂರ್ತಿ ಹರಳುಗಟ್ಟಿರುತ್ತೆ, 18.5 ಡಿಗ್ರಿಗೇ ಗಟ್ಟಿಯಾಗೋ ದ್ರವ ನೋಡು! ಕೆಟ್ಟಿಲ್ಲ, ಬೆಚ್ಚಗೆ ಮಾಡಿದರೆ ಕರಗುತ್ತೆ. ಗಾಳಿಯ ತೇವ ಹೀರುತ್ತೆ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡು.

ನಾನು ಆರಾಮಾಗಿದ್ದೀನಿ, ಊಟ ನಿದ್ದೆ ಎಲ್ಲ ಸರಿಯಿದೆ, ಏನೂ ಚಿಂತೆ ಬೇಡ. ಅಪ್ಪನನ್ನು ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸು, ಏನಂದರು ಅಂತ ತಕ್ಷಣ ಬರಿ. ಹೊತ್ತಾಯ್ತು, ಹೊರಡ್ತೀನಿ.

ನಿನ್ನ
ಅಕ್ಕ