ಹಳೆಯ ಮಿಕ್ಸರ್ ಇನ್ನು ಮಿಕ್ಸಿಂಗಿಗೆ ಇರುವುದಿಲ್ಲ: ನಮ್ಮ ಸ್ಟುಡಿಯೊ ಗ್ರಾಹಕರಿಗೆ ಪತ್ರ

ಮಡಿಕೇರಿ

ಆತ್ಮೀಯರೇ, ನಮಸ್ಕಾರ.

ಬರುವ ತಿಂಗಳ 1ನೇ ತಾರೀಕಿನಿಂದ ನಿಮ್ಮ ಹಾಡುಗಳನ್ನು ಹಳೆಯ 24 ಚಾನಲ್ ಮಿಕ್ಸರಿನಲ್ಲಿ ಅಲ್ಲ, ಪೂರ್ತಿ ಕಂಪ್ಯೂಟರಿನಲ್ಲೇ ಮಿಕ್ಸ್ ಮಾಡುತ್ತೇವೆ. (ಮಿಕ್ಸರ್ ಅಂದರೆ ದನಿ, ವಾದ್ಯಗಳ ಸದ್ದನ್ನೆಲ್ಲ ಒಂದಾಗಿ ಬೆರೆಸುವ ಯಂತ್ರ; ಚಾನಲ್ ಅಂದರೆ ಒಂದೊಂದು ಸದ್ದಿಗೂ ಅದರಲ್ಲಿರುವ ಬೇರೆ ಬೇರೆ ದಾರಿ.) ಆ ಮಿಕ್ಸರಿನ ಸೌಂಡಿಗಾಗಿಯೇ ವಿರಾಜಪೇಟೆ, ಸೋಮವಾರಪೇಟೆಯಿಂದ ಬಂದವರು ನಿಮ್ಮಲ್ಲಿ ಜಾಸ್ತಿ. ಕಾರಣ ಹೇಳದೆ ಸುಮ್ನೆ ಬದಲಾಯಿಸಲು ಮನಸ್ಸು ಒಪ್ಪಲಿಲ್ಲ.

ಕಾರಣ ನಮ್ಮೂರಿನ ಮಳೆ. ಹಗಲು ರಾತ್ರಿ ಹೀಟರ್ ಇಟ್ಟರೂ ಥಂಡಿ ಒಳಗೆ ಬರುತ್ತದೆ. ಸ್ವಿಚ್‌ಗಳಿಗೆ, ಸದ್ದು ಹೆಚ್ಚು ಕಡಿಮೆ ಮಾಡಲು ಮೇಲೆ ಕೆಳಗೆ ಸರಿಸುವ ಫೇಡರುಗಳಿಗೆ ಕಿಲುಬು ಹಿಡಿಯುತ್ತದೆ. ಒಳಗಿನ ಕೆಪಾಸಿಟರುಗಳು (ಕರೆಂಟ್ ಹಿಡಿದಿಡುವ ಸಣ್ಣ ಭಾಗಗಳು) ವಯಸ್ಸಾಗಿ ಒಣಗಿ ಕೈಕೊಡುತ್ತವೆ. ಈ ಮಳೆಗಾಲದಲ್ಲಿ ಒಬ್ಬರ ಹುತ್ತರಿ ಹಾಡು ಮಿಕ್ಸ್ ಮಾಡುವಾಗ 7ನೇ ಫೇಡರ್ ಕರಕರ ಅಂದಿತು. ದುಡಿ ಎಂಬ ಸಣ್ಣ ಚರ್ಮವಾದ್ಯದ ಸದ್ದು ಎಡಗಡೆ ಸ್ಪೀಕರಿನಲ್ಲಿ ಮಾಯವಾಗಿ, ಫೇಡರ್ ಅಲುಗಾಡಿಸಿದ ಮೇಲೆ ವಾಪಸ್ ಬಂತು. ಅವರಿಗೆ ಹಾಡು ಕೊಡುವುದು ಮೂರು ದಿನ ತಡವಾಯಿತು. ಅದು ನಮ್ಮ ತಪ್ಪೇ.

ಹಾಗಾದರೆ ಆ ಸೌಂಡ್ ಹೋಯಿತಾ? ಇಲ್ಲ. ಅದನ್ನು ಉಳಿಸಿಕೊಳ್ಳಲೆಂದೇ ಇಷ್ಟು ದಿನ ಕಾದೆವು. ಹಳೆಯ ಮಿಕ್ಸರ್ ತನ್ನ ಕಡೆಯಿಂದ ಒಂದಿಷ್ಟು ಸೇರಿಸುತ್ತದೆ. 1 ಕಿಲೋಹರ್ಟ್ಸಿನ (ಸೆಕೆಂಡಿಗೆ ಸಾವಿರ ಕಂಪನಗಳ) ಒಂದೇ ಸ್ವರ ಕಳಿಸಿದರೆ ಅದರ ಜೊತೆ 2, 3 ಕಿಲೋಹರ್ಟ್ಸಿನ ಸಣ್ಣ ಸ್ವರಗಳೂ ಹೊರಗೆ ಬರುತ್ತವೆ. ಜೋರಾದಷ್ಟೂ ಅವು ಹೆಚ್ಚುತ್ತವೆ. ಟ್ರಾನ್ಸ್‌ಫಾರ್ಮರ್ ಇದ್ದರೆ ದಪ್ಪ ಸ್ವರಗಳಲ್ಲಿ ಇದು ಇನ್ನೂ ಜಾಸ್ತಿ. 1970ರಲ್ಲಿ ಬಂದ, ನೀವ್ ಕಂಪನಿಯ 1073 ಎಂಬ ಮಿಕ್ಸರ್ ಚಾನಲಿನ ಸೌಂಡನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗುವುದರಲ್ಲಿ ಅದರ ಟ್ರಾನ್ಸ್‌ಫಾರ್ಮರುಗಳ ಪಾಲು ದೊಡ್ಡದು. ಜೊತೆಗೆ ಹಳೆಯ ಮಿಕ್ಸರಿನಲ್ಲಿ ಒಂದು ಚಾನಲಿನ ಸದ್ದು ಪಕ್ಕದ ಚಾನಲಿಗೆ ಚೂರು ಸೋರುತ್ತದೆ. ಯಾವ ಎರಡು ಚಾನಲೂ ಪಕ್ಕಾ ಒಂದೇ ತರ ಇರುವುದಿಲ್ಲ.

ಸಾಫ್ಟ್‌ವೇರಿನಲ್ಲಿ ಎಡವುವುದು ಇಲ್ಲೇ. ಒಂದೇ ಚಾನಲಿನ ನಕಲನ್ನು 24 ಕಡೆ ಹಾಕಿದರೆ ನಾಲ್ಕು ಜನ ದುಡಿ ಬಡಿದು ಹಾಡಿದ್ದು ಒಬ್ಬರೇ ಹಾಡಿದಂತೆ ಚಪ್ಪಟೆಯಾಗುತ್ತದೆ. ನಾವೂ ಮೊದಲು ಹಾಗೇ ಮಾಡಿ ನೋಡಿ, ಬೇಡ ಅಂತ ಬಿಟ್ಟೆವು. ಆಮೇಲೆ ನಮ್ಮದೇ ಮಿಕ್ಸರಿನ ಒಂದೊಂದು ಚಾನಲನ್ನೂ ಅಳೆದು, ಆ ವ್ಯತ್ಯಾಸಗಳನ್ನೇ ಕಂಪ್ಯೂಟರಿನಲ್ಲಿ ಕೂರಿಸಿದೆವು. ತಾಳದ ಸದ್ದು ಮಾತ್ರ ತುಂಬಾ ಕಾಡಿತು. 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನ (ಅಂದರೆ ಸದ್ದನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆಯುವ) ರೆಕಾರ್ಡಿಂಗಿನಲ್ಲಿ ಅದರ ಅರ್ಧ, 24 ಕಿಲೋಹರ್ಟ್ಸಿಗಿಂತ ಮೇಲೆ ಹುಟ್ಟುವ ಸ್ವರಗಳು ಮಡಚಿಕೊಂಡು ಕೆಳಗೆ ಬಂದು ಕಿವಿಗೆ ಚುಚ್ಚುತ್ತವೆ. ಒಳಗಿನ ಲೆಕ್ಕವನ್ನು ನಾಲ್ಕು ಪಟ್ಟು ಸ್ಯಾಂಪಲ್ ರೇಟಿನಲ್ಲಿ ಓಡಿಸಿದ ಮೇಲೆ ತಾಳ ತಿಳಿಯಾಯಿತು.

ನೂರಕ್ಕೆ ನೂರು ಅದೇ ಅಂತ ಹೇಳುವುದಿಲ್ಲ. ಮೀಟರ್ ಕೆಂಪು ದಾಟುವಷ್ಟು ಜೋರಾಗಿ ತಳ್ಳಿದರೆ ಹಳೆಯದೇ ಕಿವಿಗೆ ಹಿತವಾಗಿ ಕೇಳುತ್ತದೆ. ಅದಕ್ಕೇ ಅದರಲ್ಲಿ ಚೆನ್ನಾಗಿರುವ ಎರಡು ಚಾನಲುಗಳನ್ನು ಬಿಚ್ಚಿ ಇಟ್ಟುಕೊಳ್ಳುತ್ತೇವೆ. ಹಾಡುವವರ ಮೈಕು ಮೊದಲಿನಂತೆ ಅವುಗಳ ಮೂಲಕವೇ ರೆಕಾರ್ಡ್ ಆಗುತ್ತದೆ.

ದರ ಬದಲಾಗಿಲ್ಲ. ಹಳೆಯ ಮಿಕ್ಸರಿನಲ್ಲಿ ಮಿಕ್ಸ್ ಆದ ಮೇಲೆ ಏನಾದರೂ ತಿದ್ದಬೇಕಾದರೆ, ನಾಬುಗಳು ಎಲ್ಲೆಲ್ಲಿದ್ದವು ಅಂತ ಬರೆದಿಟ್ಟ ಚೀಟಿ ನೋಡಿಕೊಂಡು ಒಂದೊಂದೇ ನಾಬ್ ತಿರುಗಿಸಿ ಹೊಂದಿಸಲು ಅರ್ಧ ದಿನ ಬೇಕಿತ್ತು. ಈಗ ಫೈಲ್ ತೆರೆದರೆ ಸಾಕು. ಹಾಗಾಗಿ ಎರಡು ಸಲದ ತಿದ್ದುಪಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಅರ್ಧ ಆಗಿರುವ ಕೆಲಸಗಳನ್ನು ಈ ತಿಂಗಳೊಳಗೆ ಹಳೆಯ ಮಿಕ್ಸರಿನಲ್ಲೇ ಮುಗಿಸಿಕೊಡುತ್ತೇವೆ.

ಅನುಮಾನ ಇದ್ದವರು ಯಾವ ಶನಿವಾರವಾದರೂ ಮಧ್ಯಾಹ್ನ ಬನ್ನಿ. ನಿಮ್ಮದೇ ಹಾಡಿನ ಎರಡೂ ಮಿಕ್ಸುಗಳನ್ನು, ಯಾವುದು ಯಾವುದು ಅಂತ ಹೇಳದೆ ಕೇಳಿಸುತ್ತೇವೆ. ಮನೆಯಲ್ಲಿ ಬಳಸುವ ಹೆಡ್‌ಫೋನ್ ಜೊತೆಗೆ ತನ್ನಿ.

ನಿಮ್ಮ,
ಸ್ಟುಡಿಯೊ ಬಳಗ